ದತ್ತೋಪಕರಣಗಳೂ ಶಿಶುಶಿಕ್ಷಣವೂ

ವಿದ್ಯಾದಾನವು ಶ್ರೇಷ್ಠವಾದ ದಾನವೆಂಬ ಮಾತು ಕನ್ನಡನಾಡಿನಲ್ಲಿ ಹೊಸದಲ್ಲ. ಆದರೆ ಆ ಮಾತನ್ನು ಕೇಳಿದೊಡನೆ ಮನಸ್ಸಿಗೆ ಬರುವ ವಿದ್ಯಾರ್ಥಿಯು ಓದುಬರಹಗಳನ್ನು ಬಲ್ಲವನು, ಇಲ್ಲವೆ ಅವನ್ನು ಕಲಿಯಲು ಕುಳಿತವನು. ಮೂರು ವರ್ಷಕ್ಕೆ ಮೇಲ್ಪಟ್ಟು ಆರು ವರ್ಷ ತುಂಬದ ಶಿಶುವಿಗೆ ಕೊಡುವ ಮರದ ತುಂಡು, ಬಣ್ಣದ ಚೆಂಡು, ಚಿತ್ರದ ಹಲಗೆ ಮುಂತಾದುವು ವಿದ್ಯಾದಾನದಲ್ಲಿ ಸೇರುವುವೇ, ಕೇವಲ ವಿನೋದಾರ್ಥವಾದ ಕೊಡುಗೆಗಳೇ ಎಂಬುದು ವಿಚಾರಾರ್ಹವಾದ ವಿಷಯ. ಇಂದು ಅಂಗನವಾಡಿಗಳಿಗೂ ಶಿಶುವಿಹಾರಗಳಿಗೂ ಸರ್ಕಾರದವರೂ ಸಂಘಸಂಸ್ಥೆಗಳವರೂ ಊರಿನ ಉದಾರಿಗಳೂ ಇಂತಹ ವಸ್ತುಗಳನ್ನು ಕೊಡುತ್ತಿರುವರು. ಕೆಲವೆಡೆಗಳಲ್ಲಿ ಅವು ಮಕ್ಕಳ ಕೈಯಲ್ಲಿ ಸವೆಯುತ್ತವೆ. ಕೆಲವೆಡೆಗಳಲ್ಲಿ ಬೀರುವಿನೊಳಗೆ ಹೊಚ್ಚಹೊಸದಾಗಿಯೇ ಉಳಿಯುತ್ತವೆ. ಕೊಟ್ಟವನಿಗೆ ಎರಡೂ ಒಂದೇ ದಾನ. ಶಿಶುವಿಗೆ ಮಾತ್ರ ಒಂದು ವಿದ್ಯೆ, ಮತ್ತೊಂದು ಶೂನ್ಯ. ಈ ಭೇದಕ್ಕೆ ಕಾರಣವೇನು, ದತ್ತವಸ್ತುವು ಶಿಶುವಿನಲ್ಲಿ ಮಾಡುವ ಕಾರ್ಯವು ಯಾವ ಬಗೆಯದು ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ದಾನವು ಯಾವಾಗ ಪೂರ್ಣವಾಗುತ್ತದೆಂಬುದನ್ನು ಧರ್ಮಶಾಸ್ತ್ರಕಾರರು ಸೂಕ್ಷ್ಮವಾಗಿ ವಿಚಾರಿಸಿರುವರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ವ್ಯವಹಾರಾಧ್ಯಾಯದಲ್ಲಿ ಈ ವಿಷಯವನ್ನು ಎತ್ತಿಕೊಂಡಿರುವನು. ಅವನ ಅಭಿಪ್ರಾಯದ ಸಾರವಿಷ್ಟು: ಕೊಡುವವನು ತನ್ನ ಸ್ವತ್ವವನ್ನು ಬಿಟ್ಟರೆ ಸಾಲದು, ಮತ್ತೊಬ್ಬನಲ್ಲಿ ಸ್ವತ್ವವು ಹುಟ್ಟಬೇಕು. ಅದು ಹುಟ್ಟುವುದು ಆ ಮತ್ತೊಬ್ಬನು ಸ್ವೀಕರಿಸಿದಾಗಲೇ ಹೊರತು ಅನ್ಯಥಾ ಅಲ್ಲ. ಆ ಸ್ವೀಕಾರವಾದರೂ ಮೂರು ತೆರನಾದುದು. ತನ್ನದೆಂದು ಮನಸ್ಸಿನಲ್ಲಿ ನಿಶ್ಚಯಿಸುವುದು ಮಾನಸ. ತನ್ನದೆಂದು ನುಡಿಯುವುದು ವಾಚಿಕ. ಕೈಯಿಂದ ಹಿಡಿಯುವುದು, ಮುಟ್ಟುವುದು ಮೊದಲಾದುದು ಕಾಯಿಕ.

ಇದಲ್ಲದೆ ದಾನಕ್ಕೆ ಆರು ಅಂಗಗಳನ್ನು ದೇವಲನು ಹೇಳಿರುವುದುಂಟು: ದಾತೃ, ಪ್ರತಿಗ್ರಹೀತೃ, ಶ್ರದ್ಧೆ, ಯೋಗ್ಯವಾದ ದೇಯವಸ್ತು, ದೇಶ, ಕಾಲ. ಕೆರೆ, ಬಾವಿ, ತೋಪುಗಳನ್ನು ಸರ್ವರಿಗಾಗಿ ಬಿಟ್ಟುಕೊಡುವ ಕ್ರಿಯೆಗೆ ಶಾಸ್ತ್ರದಲ್ಲಿ ಉತ್ಸರ್ಗವೆಂದು ಬೇರೆ ಹೆಸರಿದೆ. ಅಲ್ಲಿ ಇಂಥವನೇ ಪ್ರತಿಗ್ರಹೀತೃವೆಂಬ ನಿಯಮವಿಲ್ಲ, ಬಾಯಾರಿದವರೆಲ್ಲರೂ ಅಧಿಕಾರಿಗಳೇ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಶಿಶುಶಾಲೆಯ ಆಟದ ಸಾಮಾನು ಯಾವ ಮಗುವಿನ ಸ್ವತ್ತೂ ಆಗುವುದಿಲ್ಲ. ಸಂಜೆ ಮನೆಗೆ ಹೋಗುವಾಗ ಅದನ್ನು ಇಟ್ಟೇ ಹೋಗಬೇಕು. ಆದುದರಿಂದ ಸ್ವೀಕಾರದ ಮಾತು ಇಲ್ಲಿ ಹೇಗೆ ಹೊಂದೀತು? ಸಮಾಧಾನವಿದು: ವ್ಯವಹಾರದ ದೃಷ್ಟಿಯಿಂದ ಅದು ಉತ್ಸರ್ಗಕ್ಕೆ ಸಮಾನವೆಂಬುದು ನಿಜ. ಆದರೆ ಕೆರೆಯನ್ನು ಕಟ್ಟಿಸಿದುದರ ಫಲವು ನೀರನ್ನು ಕುಡಿಯುವುದರಲ್ಲಿರುವಂತೆ ಉಪಕರಣದಾನದ ಫಲವು ಮಗು ಅದನ್ನು ಬಳಸುವುದರಲ್ಲಿದೆ. ಆ ಬಳಕೆಯು ಕೈ, ಮಾತು, ಮನಸ್ಸು ಎಂಬ ಮೂರು ದ್ವಾರಗಳಿಂದಲೇ ನಡೆಯತಕ್ಕದ್ದು. ವಿಜ್ಞಾನೇಶ್ವರನು ಸ್ವತ್ವದ ವಿಷಯದಲ್ಲಿ ಹೇಳಿದ ವಿಭಾಗವನ್ನು ಕಲಿಕೆಗೆ ಉಪಮಾನವಾಗಿ ತೆಗೆದುಕೊಂಡರೆ ವಿಷಯವು ವಿಶದವಾಗುತ್ತದೆ. ಭೇದವೊಂದೇ: ಪ್ರಾಯದವನಲ್ಲಿ ಸ್ವೀಕಾರವು ಮನಸ್ಸಿನಿಂದ ಆರಂಭವಾಗಿ ಕೈಗೆ ಇಳಿಯುತ್ತದೆ, ಶಿಶುವಿನಲ್ಲಿ ಕೈಯಿಂದ ಆರಂಭವಾಗಿ ಮನಸ್ಸಿಗೆ ಏರುತ್ತದೆ.

೨

ಪ್ರಾಚೀನ ಕರ್ಣಾಟಕದ ವಿದ್ಯಾದಾನಗಳನ್ನು ಪರಿಶೀಲಿಸಿದರೆ ವಸ್ತುದಾನದ ವಿಷಯದಲ್ಲಿ ಒಂದು ವಿವೇಕವು ಕಂಡುಬರುತ್ತದೆ. ವಿಜಯಪುರ ಜಿಲ್ಲೆಯ ಸಾಲೋಟಗಿಯ ಕ್ರಿ. ಶ. ೯೪೫ರ ಶಾಸನದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ಬಿಟ್ಟ ಭೂಮಿಯ ವಿವರವಿದೆ. ಅದರಲ್ಲಿ ದೀಪಗಳಿಗಾಗಿಯೇ ಪ್ರತ್ಯೇಕ ಭೂಮಿಯನ್ನು ಬಿಡಲಾಗಿದೆ. ದೀಪವನ್ನು ಕೊಟ್ಟರೆ ಅದು ಒಂದು ದಿನದ ದಾನ. ದೀಪಕ್ಕೆ ಭೂಮಿಯನ್ನು ಕೊಟ್ಟರೆ ಎಣ್ಣೆ ತೀರಿದಂತೆಲ್ಲ ಮತ್ತೆ ಎಣ್ಣೆ ಬರುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ. ಶ. ೧೦೫೮ರ ಶಾಸನದಲ್ಲಿ ಘಟಿಕಾಸ್ಥಾನದ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀಭಂಡಾರಿಗರಿಗೂ ವೃತ್ತಿಯನ್ನು ಏರ್ಪಡಿಸಿರುವುದು ಕಾಣುತ್ತದೆ. ಪುಸ್ತಕಗಳನ್ನು ಕೊಟ್ಟವರು ಅವನ್ನು ಕಾಪಾಡಿ ಬಳಕೆಗೆ ಒದಗಿಸುವ ಜನರನ್ನೂ ಕೊಟ್ಟರು. ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿಯೂ ಇದೇ ದಾರಿಯದು: ಒಂದು ಪ್ರತಿಯನ್ನು ಪೂಜೆಗೆ ಇರಿಸಬಹುದು, ಸಾವಿರ ಪ್ರತಿಗಳು ಓದಿಗೆ ಹೊರತು ಬೇರೊಂದಕ್ಕೆ ಅಲ್ಲ.

ಆದರೆ ಈ ದಾನಗಳು ಬಲ್ಲ ವಿದ್ಯಾರ್ಥಿಗಳಿಗಾಗಿ ನಡೆದುವು. ಎಳೆಯರಿಗೆ ಉಪಕರಣವೆಂದರೆ ಅಕ್ಷರಾಭ್ಯಾಸದ ದಿನ ಹರಿವಾಣದಲ್ಲಿ ಹರಡಿದ ಅಕ್ಕಿ, ಬಳಿಕ ಕೂಲಿಮಠದ ನೆಲದ ಮರಳು, ಅದಾದ ಮೇಲೆ ಹಲಗೆ ಬಳಪ. ಮರಳಿನ ಮೇಲೆ ಬೆರಳಿಂದ ಅಕ್ಷರವನ್ನು ತಿದ್ದಿಸುತ್ತಿದ್ದುದು ಬಡತನದ ಉಪಾಯವೆಂದು ಹಲವರು ಭಾವಿಸಿರುವರು. ಅದು ಬಡತನದ್ದಾದರೂ ಉಪಾಯವೇ. ಅಕ್ಷರದ ಆಕಾರವು ಕಣ್ಣಿಗಿಂತ ಮೊದಲು ಬೆರಳಿಗೆ ಪರಿಚಿತವಾಗುತ್ತಿತ್ತು. ಈ ತತ್ತ್ವವನ್ನೇ ಯೂರೋಪಿನ ಇಬ್ಬರು ಶಿಕ್ಷಣಾಚಾರ್ಯರು ಬೇರೆ ದಾರಿಯಿಂದ ಕಂಡುಕೊಂಡುದನ್ನು ಇನ್ನು ನೋಡಬಹುದು.

೩

ಶಿಶುಗಳಿಗಾಗಿಯೇ ವಸ್ತುಗಳನ್ನು ಕ್ರಮವಾಗಿ ಏರ್ಪಡಿಸಿದವರಲ್ಲಿ ಜರ್ಮನಿಯ ಫ್ರೆಡರಿಕ್ ಫ್ರೋಬೆಲನು ಅಗ್ರಗಣ್ಯನು. ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವನು ಆರಂಭಿಸಿದ ಸಂಸ್ಥೆಗೆ ೧೮೪೦ರಲ್ಲಿ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂಬ ಹೆಸರಾಯಿತು. ಅವನು ರೂಪಿಸಿದ ಉಪಕರಣಗಳಿಗೆ ಅವನಿಟ್ಟ ಹೆಸರು ಗಮನಾರ್ಹವಾದುದು: ಅವನ ಭಾಷೆಯಲ್ಲಿ ಅವು ‘ಗಾಬೆ’, ಕನ್ನಡದಲ್ಲಿ ಹೇಳುವುದಾದರೆ ‘ಕೊಡುಗೆ’ಗಳು. ಮೊದಲನೆಯ ಕೊಡುಗೆಯು ಆರು ಬಣ್ಣಗಳ ಆರು ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗೋಲ, ಸ್ತಂಭಾಕೃತಿ ಮತ್ತು ಘನ. ಮೂರನೆಯದು ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ. ಮಗು ಆ ಘನವನ್ನು ಬಿಡಿಸುತ್ತದೆ, ಮತ್ತೆ ಕೂಡಿಸುತ್ತದೆ. ಅವಯವ ಅವಯವಿಗಳ ಸಂಬಂಧವನ್ನು ನೈಯಾಯಿಕರು ಎಷ್ಟು ಗ್ರಂಥಗಳಲ್ಲಿ ಚರ್ಚಿಸಿರುವರೋ ಅದರ ಪ್ರಥಮ ಪಾಠವು ಹೀಗೆ ನಾಲ್ಕು ವರ್ಷದ ಕೈಗಳಲ್ಲಿ ನಡೆಯುತ್ತದೆ.

ಇಟಲಿಯ ಮರಿಯಾ ಮಾಂಟೆಸ್ಸೋರಿಯು ೧೯೦೭ರ ಜನವರಿ ೬ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆಯೊಂದನ್ನು ತೆರೆದಳು. ಆಕೆಯ ಉಪಕರಣಗಳಲ್ಲಿ ಒಂದು ಮರದ ದಿಮ್ಮಿ. ಅದರ ಹತ್ತು ಕುಳಿಗಳಲ್ಲಿ ಹತ್ತು ಗುಂಡುತುಂಡುಗಳು ಕೂರುತ್ತವೆ. ಒಂದನ್ನು ತಪ್ಪು ಕುಳಿಯಲ್ಲಿಟ್ಟರೆ ಕೊನೆಗೆ ಒಂದು ತುಂಡು ಉಳಿದು, ಕೂರದೆ ನಿಲ್ಲುತ್ತದೆ. ತಪ್ಪಾಯಿತೆಂದು ಉಪಾಧ್ಯಾಯಿನಿಯು ಹೇಳಬೇಕಾಗಿಲ್ಲ, ವಸ್ತುವೇ ಹೇಳುತ್ತದೆ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಘನಗಳ ಗೋಪುರವೂ ಹೀಗೆಯೇ. ಉಪ್ಪುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರಗಳನ್ನು ಬೆರಳಿನಿಂದ ಸವರುವ ಆಕೆಯ ಪದ್ಧತಿಯು ಕೂಲಿಮಠದ ಮರಳಿನ ತಿದ್ದಿಗೆಗೆ ಅತ್ಯಂತ ಸಮೀಪವಾದುದು.

ಆ ಮಕ್ಕಳ ಮನೆಯಲ್ಲಿ ಬೆಲೆಬಾಳುವ ಬೊಂಬೆ ಮೊದಲಾದ ಆಟಿಕೆಗಳೂ ಇದ್ದುವೆಂದೂ, ಮಕ್ಕಳು ಅವನ್ನು ಬಿಟ್ಟು ಕೈಕೆಲಸವನ್ನು ಬೇಡುವ ಉಪಕರಣಗಳನ್ನೇ ಆರಿಸಿಕೊಂಡರೆಂದೂ ಆಕೆ ಬರೆದಿರುವಳು. ಬೊಂಬೆಯು ನಿಷ್ಪ್ರಯೋಜಕವೆಂದು ಇದರಿಂದ ತಿಳಿಯತಕ್ಕದ್ದಲ್ಲ. ವಸ್ತುವಿನ ಬೆಲೆಯೂ ಶಿಶುವಿಗೆ ಅದರಿಂದಾಗುವ ಉಪಯೋಗವೂ ಜೊತೆಜೊತೆಯಾಗಿ ನಡೆಯುವುದಿಲ್ಲವೆಂಬಷ್ಟೇ ಇದರ ತಾತ್ಪರ್ಯ.

ಕಾಯಿಕಸ್ವೀಕಾರದ ಫಲವು ಬುದ್ಧಿಗೆ ಮಾತ್ರವಲ್ಲ, ದೇಹಕ್ಕೂ ಉಂಟು. ಮಣಿಯನ್ನು ದಾರದಲ್ಲಿ ಪೋಣಿಸುವಾಗ ಹೆಬ್ಬೆರಳೂ ತೋರುಬೆರಳೂ ಕೂಡಿ ಹಿಡಿಯುವ ಹಿಡಿತವೇ ಮುಂದೆ ಸೀಸದಕಡ್ಡಿಯನ್ನು ಹಿಡಿಯುವ ಹಿಡಿತ. ಚೆಂಡನ್ನು ಎಸೆದು ಹಿಡಿಯುವಾಗ ಕಣ್ಣೂ ಕೈಯೂ ಒಂದಕ್ಕೊಂದು ಒಗ್ಗುತ್ತವೆ. ಇಬ್ಬರಿಗೆ ಒಂದೇ ಚೆಂಡಿದ್ದರೆ ಸರದಿಯೆಂಬುದನ್ನೂ ಕಾಯುವುದನ್ನೂ ಕಲಿಯಬೇಕಾಗುತ್ತದೆ.

೪

ಕೈಗೆ ಬಂದ ವಸ್ತುವು ಮಾತಿಗೆ ಬರುವುದು ಎರಡನೆಯ ಹಂತ. ಫ್ರಾನ್ಸಿನ ವೈದ್ಯ ಸೆಗ್ವಾಂ ಎಂಬವನಿಂದ ಮಾಂಟೆಸ್ಸೋರಿಯು ಪಡೆದ ಪಾಠಕ್ರಮವೊಂದರಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲು ‘ಇದು ಕೆಂಪು, ಇದು ನೀಲಿ’ ಎಂದು ಹೆಸರನ್ನು ವಸ್ತುವಿನೊಡನೆ ಕೂಡಿಸುವುದು; ಆಮೇಲೆ ‘ಕೆಂಪನ್ನು ಕೊಡು’ ಎಂದು ಕೇಳುವುದು; ಕಡೆಗೆ ‘ಇದು ಯಾವುದು?’ ಎಂದು ಕೇಳಿ ಮಗುವಿನ ಬಾಯಿಂದಲೇ ಹೆಸರನ್ನು ಬರಿಸುವುದು. ಶಕ್ತಿಗ್ರಹ, ಎಂದರೆ ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧದ ಜ್ಞಾನವು, ಹಿರಿಯರ ವ್ಯವಹಾರವನ್ನು ನೋಡಿ ಮಗುವಿಗೆ ಉಂಟಾಗುತ್ತದೆಂದು ಮೀಮಾಂಸಕರು ಹೇಳುವರು. ಹಿರಿಯನೊಬ್ಬನು ‘ಹಸುವನ್ನು ತಾ’ ಎನ್ನುತ್ತಾನೆ, ಮತ್ತೊಬ್ಬನು ತರುತ್ತಾನೆ. ಬಳಿಯಲ್ಲಿರುವ ಮಗು ಕ್ರಮೇಣ ‘ಹಸು’ ಎಂಬುದರ ಅರ್ಥವನ್ನೂ ‘ತಾ’ ಎಂಬುದರ ಅರ್ಥವನ್ನೂ ಬೇರ್ಪಡಿಸಿಕೊಳ್ಳುತ್ತದೆ. ಇಲ್ಲಿ ಆಡುವವನು, ತರುವವನು, ತರಲ್ಪಡುವ ವಸ್ತು, ಈ ಮೂರೂ ಬೇಕು. ದಾನಿಯು ಮೂರನೆಯದನ್ನು ಮಾತ್ರ ಕೊಡಬಲ್ಲನು. ಮೊದಲೆರಡನ್ನು ಶಾಲೆಯೇ ಒದಗಿಸಬೇಕು.

ಇದು ಕೇವಲ ತರ್ಕವಲ್ಲವೆಂಬುದಕ್ಕೆ ಎರಡು ಪರೀಕ್ಷೆಗಳನ್ನು ಉದಾಹರಿಸಬಹುದು. ಅಮೆರಿಕದಲ್ಲಿ ಕ್ರಿಸ್ಟಾಕಿಸ್ ಎಂಬ ಶಿಶುವೈದ್ಯನೂ ಅವನ ಸಂಗಡಿಗರೂ ಒಂದೂವರೆಯಿಂದ ಎರಡೂವರೆ ವರ್ಷದ ೧೭೫ ಮಕ್ಕಳನ್ನು ಆರಿಸಿ, ಒಂದು ಗುಂಪಿನವರ ಮನೆಗಳಿಗೆ ಜೋಡಿಸುವ ತುಂಡುಗಳನ್ನೂ ಅವುಗಳಿಂದ ಮಕ್ಕಳೊಡನೆ ಹೇಗೆ ಆಡಬಹುದೆಂಬ ಸೂಚನೆಗಳನ್ನೂ ಉಚಿತವಾಗಿ ಕಳುಹಿಸಿದರು. ೨೦೦೭ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಗುಂಪಿನ ಮಕ್ಕಳ ಭಾಷಾಶಕ್ತಿಯು ಉಳಿದವರದಕ್ಕಿಂತ ಮೇಲಾಗಿತ್ತು. ಕೊಟ್ಟುದು ಮರಳು ಅಕ್ಷರಗಳನ್ನಲ್ಲ, ಪುಸ್ತಕಗಳನ್ನಲ್ಲ, ಮೂಕವಾದ ತುಂಡುಗಳನ್ನು. ವೃದ್ಧಿಯಾದುದು ಮಾತು.

ಎರಡನೆಯದು ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ೧೯೮೬–೮೭ರಲ್ಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವಿದುಷಿಯು ಆರಂಭಿಸಿದ ಪರೀಕ್ಷೆ. ಬೆಳವಣಿಗೆ ಕುಂಠಿತವಾದ, ಒಂಬತ್ತರಿಂದ ಇಪ್ಪತ್ತನಾಲ್ಕು ತಿಂಗಳ ೧೨೯ ಮಕ್ಕಳನ್ನು ನಾಲ್ಕು ಗುಂಪುಗಳಾಗಿ ಮಾಡಿದರು: ಕೆಲವರಿಗೆ ಪೌಷ್ಟಿಕಾಹಾರ, ಕೆಲವರಿಗೆ ಆಟ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಆಟದ ಗುಂಪಿನವರ ಮನೆಗೆ ಎರಡು ವರ್ಷಗಳ ಕಾಲ ವಾರಕ್ಕೊಮ್ಮೆ ಆರೋಗ್ಯಸೇವಕಿಯೊಬ್ಬಳು ಹೋಗಿ, ಕೈಯಿಂದ ಮಾಡಿದ ಅಗ್ಗದ ಆಟಿಕೆಗಳಿಂದ ಮಗುವನ್ನು ಆಡಿಸುವ ರೀತಿಯನ್ನು ತಾಯಿಗೆ ತೋರಿಸಿಕೊಟ್ಟು ಬರುತ್ತಿದ್ದಳು. ಇಪ್ಪತ್ತು ವರ್ಷಗಳ ಬಳಿಕ ಆ ಮಕ್ಕಳ ಸಂಪಾದನೆಯು ಆಟವಿಲ್ಲದವರದಕ್ಕಿಂತ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಾಗಿತ್ತೆಂದು ೨೦೧೪ರಲ್ಲಿ ಪ್ರಕಟವಾಯಿತು. ಆ ಆಟಿಕೆಗಳ ಬೆಲೆ ಅತ್ಯಲ್ಪ. ಅವುಗಳ ಸಂಗಡ ಬಂದ ಮಾತಿಗೂ ವಾರ ತಪ್ಪದೆ ನಡೆದ ಕ್ರಮಕ್ಕೂ ಬೆಲೆ ಕಟ್ಟುವಂತಿಲ್ಲ. ಈ ಎರಡು ಪರೀಕ್ಷೆಗಳೂ ಶಾಲೆಗೆ ಬರುವುದಕ್ಕೆ ಮುಂಚಿನ ವಯಸ್ಸಿನ ಮಕ್ಕಳನ್ನು ಕುರಿತವಾದರೂ ವಸ್ತುವೂ ಮಾತೂ ಕೂಡಿ ನಡೆಯಬೇಕೆಂಬ ನ್ಯಾಯವು ಶಿಶುಶಾಲೆಗೂ ಅನ್ವಯಿಸುತ್ತದೆ.

೫

ಮೂರನೆಯದು ಮಾನಸ. ಮೂರು ಕಲ್ಲು, ಮೂರು ಎಲೆ, ಮೂರು ಚೆಂಡು ಎಂದು ಬೇರೆಬೇರೆಯಾಗಿ ಎಣಿಸಿದ ಮಗುವಿಗೆ ಒಂದು ದಿನ ಕಲ್ಲೂ ಅಲ್ಲದ, ಎಲೆಯೂ ಅಲ್ಲದ ‘ಮೂರು’ ಎಂಬುದು ಹೊಳೆಯುತ್ತದೆ. ವಸ್ತುವಿನ ಕಾರ್ಯವು ಅಲ್ಲಿಗೆ ಮುಗಿಯಿತು. ದೋಣಿಯು ದಡವನ್ನು ಮುಟ್ಟಿಸಿತು. ಇನ್ನೊಂದು ಬಗೆಯ ಮಾನಸವ್ಯಾಪಾರವು ಅನುಕರಣದ ಆಟದಲ್ಲಿದೆ. ಮರದ ತುಂಡು ಒಮ್ಮೆ ಬಂಡಿಯಾಗುತ್ತದೆ, ಒಮ್ಮೆ ರೊಟ್ಟಿಯಾಗುತ್ತದೆ. ಅದು ಮರದ ತುಂಡೆಂಬುದು ಮಗುವಿಗೆ ತಿಳಿದೇ ಇದೆ. ಆದುದರಿಂದ ಇದು ಭ್ರಮೆಯಲ್ಲ, ಬುದ್ಧಿಪೂರ್ವಕವಾದ ಆರೋಪ. ಒಂದನ್ನು ಮತ್ತೊಂದರ ಗುರುತಾಗಿ ಇಟ್ಟುಕೊಳ್ಳುವ ಈ ಶಕ್ತಿಯಿಲ್ಲದೆ ರೇಖೆಯನ್ನು ಅಕ್ಷರವಾಗಿ ಕಾಣುವುದು ಆಗದು. ರೂಪಕಾಲಂಕಾರವನ್ನು ಬೋಧಿಸುವ ಸಾಹಿತ್ಯೋಪಾಧ್ಯಾಯರು ಇದರ ಮೂಲವನ್ನು ಶಿಶುವಿಹಾರದಲ್ಲಿ ಕಾಣಬಹುದು. ಒಂದೇ ಕೆಲಸವನ್ನು ಮಾಡುವ ಯಂತ್ರದ ಆಟಿಕೆಗಿಂತ ಹಲವು ಆಕಾರಗಳನ್ನು ತಾಳಬಲ್ಲ ಮಣ್ಣು, ಮರ, ಬಟ್ಟೆಗಳು ಶ್ರೇಷ್ಠವೆನ್ನುವುದಕ್ಕೆ ಇದೇ ಹೇತು.

೬

ಯೋಗ್ಯವಾದ ದೇಯವೂ ಯೋಗ್ಯವಾದ ದೇಶಕಾಲಗಳೂ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ದೊಡ್ಡ ಮಕ್ಕಳ ಶಾಲೆಗಳಿಂದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಆಫ್ರಿಕದ ಕೆನ್ಯಾ ದೇಶದ ಗ್ರಾಮಶಾಲೆಗಳಿಗೆ ಪಾಠಪುಸ್ತಕಗಳನ್ನು ಉಚಿತವಾಗಿ ಕೊಟ್ಟು ಫಲವನ್ನು ಪರೀಕ್ಷಿಸಿದ ಗ್ಲೆವೆ, ಕ್ರೆಮರ್ ಮತ್ತು ಮೂಲಿನ್ ಎಂಬವರು ೨೦೦೯ರಲ್ಲಿ ಪ್ರಕಟಿಸಿದ ನಿರ್ಣಯದಂತೆ ಸಾಮಾನ್ಯ ವಿದ್ಯಾರ್ಥಿಗೆ ಅದರಿಂದ ಲಾಭವಾಗಲಿಲ್ಲ. ಮೊದಲೇ ಮುಂದಿದ್ದವರು ಮಾತ್ರ ಮುಂದುವರಿದರು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದುವು; ಬಹುಮಂದಿ ಮಕ್ಕಳಿಗೆ ಅದು ಮೂರನೆಯ ಭಾಷೆ. ಕೈಗೆ ಬಂದ ವಸ್ತುವು ಮಾತಿಗೆ ಬರಲಿಲ್ಲ.

ಭಾರತದಲ್ಲಿ ಈ ದೋಷವನ್ನು ಮುಂಚೆಯೇ ಕಂಡವರು ಗಿಜುಭಾಯಿ ಬಧೇಕಾ ಮತ್ತು ತಾರಾಬಾಯಿ ಮೋಡಕ್. ಗಿಜುಭಾಯಿಯವರು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು ಮಾಂಟೆಸ್ಸೋರಿ ಪದ್ಧತಿಯನ್ನು ಗುಜರಾತಿ ಕಥೆ, ಹಾಡು, ಆಟಗಳೊಡನೆ ಹೊಂದಿಸಿದರು. ತಾರಾಬಾಯಿಯವರು ೧೯೪೫ರಲ್ಲಿ ಬೋರ್ಡಿ ಎಂಬ ಗ್ರಾಮಕ್ಕೆ ಹೋಗಿ, ಅನುತಾಯಿ ವಾಘ್ ಅವರೊಡನೆ ಮಕ್ಕಳಿದ್ದೆಡೆಗೆ ಶಾಲೆಯನ್ನು ಕೊಂಡೊಯ್ದು, ಅವರ ಅಂಗಳದಲ್ಲಿಯೇ ಅಂಗನವಾಡಿಯನ್ನು ನಡೆಸಿದರು. ಬೆಲೆಬಾಳುವ ಉಪಕರಣಗಳ ಸ್ಥಾನದಲ್ಲಿ ಬೆಣಚುಕಲ್ಲು, ಕಪ್ಪೆಚಿಪ್ಪು, ಬೀಜ, ಎಲೆ, ಹೂಗಳು ಬಂದುವು. ತತ್ತ್ವವು ರೋಮಿನದು, ದ್ರವ್ಯವು ಆ ನೆಲದ್ದು.

೧೯೭೫ರ ಅಕ್ಟೋಬರ್ ೨ರಂದು ಭಾರತ ಸರ್ಕಾರವು ೩೩ ಕ್ಷೇತ್ರಗಳಲ್ಲಿ ಆರಂಭಿಸಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಯೆಂಬ ಹೆಸರು ದೇಶವ್ಯಾಪಿಯಾಯಿತು. ಆಹಾರ, ಆರೋಗ್ಯಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅದರ ಕರ್ತವ್ಯಗಳಲ್ಲೊಂದು. ೨೦೨೩ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನ ಮಂಡಲಿಯವರು ಆಟಿಕೆ, ಬೊಂಬೆ, ಚಿತ್ರಪಟ, ಒಗಟುಗಳನ್ನೊಳಗೊಂಡ ‘ಜಾದೂಯೀ ಪಿಟಾರಾ’ ಎಂಬ ಪೆಟ್ಟಿಗೆಯನ್ನು ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ಹೊರಡಿಸಿದರು. ಕರ್ಣಾಟಕದ ದಾನಿಗೆ ದೂರ ಹೋಗಬೇಕಾದ ಆವಶ್ಯಕತೆಯೂ ಇಲ್ಲ. ಚನ್ನಪಟ್ಟಣದ ಚಿತ್ರಗಾರರು ಹಾಲೆಮರವನ್ನು ಕಡೆದು ಅರಗಿನ ಬಣ್ಣವನ್ನು ಹಚ್ಚಿ ಮಾಡುವ ಬಳೆಗೋಪುರ, ಬುಗುರಿ, ಗಿಲಕಿಗಳು ಎಳೆಯ ಕೈಗೆ ನುಣುಪಾಗಿ ಒದಗುತ್ತವೆ. ಅಳಿಗುಳಿಮಣೆಯು ಎಣಿಕೆಗೆ ಸಿದ್ಧವಾದ ಉಪಕರಣ. ಅದರಲ್ಲಿ ಹುಣಿಸೆಬೀಜವನ್ನು ಹಾಕುವಾಗಲೂ ಹಿರಿಯರ ಕಣ್ಣಿರಬೇಕು. ಗುಲಗಂಜಿಯಂತೂ ವಿಷಬೀಜವಾದುದರಿಂದ ಶಿಶುವಿನ ಕೈಗೆ ಸರ್ವಥಾ ಕೊಡತಕ್ಕದ್ದಲ್ಲ. ದೇಯವಸ್ತುವಿನ ಯೋಗ್ಯತೆಯೆಂದರೆ ಇಂತಹ ವಿಚಾರವೇ.

೭

ಇನ್ನು ಬೀರುವಿನಲ್ಲಿ ಉಳಿಯುವ ದಾನದ ವಿಷಯ. ಇದಕ್ಕೆ ಶೂದ್ರಕನ ಮೃಚ್ಛಕಟಿಕದಲ್ಲಿ ಒಂದು ನಿದರ್ಶನವಿದೆ. ಚಾರುದತ್ತನ ಮಗ ರೋಹಸೇನನಿಗೆ ಆಡಲು ಮಣ್ಣಿನ ಬಂಡಿಯಿತ್ತು. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡಿದ್ದ ಅವನು ಅತ್ತನು. ಕರಗಿದ ವಸಂತಸೇನೆಯು ಚಿನ್ನದ ಬಂಡಿಯನ್ನು ಮಾಡಿಸಿಕೊಳ್ಳಲೆಂದು ತನ್ನ ಆಭರಣಗಳನ್ನು ಆ ಮಣ್ಣಿನ ಬಂಡಿಯಲ್ಲಿ ತುಂಬಿದಳು. ಆಕೆಯ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಆದರೆ ಅಷ್ಟು ಬೆಲೆಯ ವಸ್ತುವು ಮಗುವಿನ ಕೈಯಲ್ಲಿ ನಿಲ್ಲುವುದುಂಟೆ? ಚಾರುದತ್ತನು ಅದನ್ನು ಹಿಂದಿರುಗಿಸಲು ಮೈತ್ರೇಯನ ಕೈಗೆ ಕೊಟ್ಟನು. ಅವನ ಕಂಕುಳಿನಿಂದ ನ್ಯಾಯಸಭೆಯಲ್ಲಿ ಬಿದ್ದು ಅವು ಚಾರುದತ್ತನಿಗೇ ವಿರುದ್ಧವಾದ ಸಾಕ್ಷಿಯಾದುವು. ಬೆಲೆಯೇ ಆ ದಾನವನ್ನು ಶಿಶುವಿನಿಂದ ಕಸಿದು ಹಿರಿಯರ ವ್ಯವಹಾರಕ್ಕೆ ಸೇರಿಸಿತು.

ಅಂಗನವಾಡಿಯಲ್ಲಿಯೂ ನಡೆಯುವುದು ಇದೇ. ದತ್ತವಸ್ತುಗಳು ದಾಸ್ತಾನು ಪುಸ್ತಕದಲ್ಲಿ ಬರೆಯಲ್ಪಡುತ್ತವೆ. ಒಂದು ತುಂಡು ಕಳೆದರೆ, ಒಂದು ಬೊಂಬೆಯ ಕೈ ಮುರಿದರೆ, ಕಾರ್ಯಕರ್ತೆಯು ಉತ್ತರ ಹೇಳಬೇಕೆಂಬ ಭಯವಿದ್ದಲ್ಲಿ ಅವಳು ಅವನ್ನು ಬೀಗದೊಳಗಿಡುವುದು ಸಹಜ. ಅವಳನ್ನು ದೂಷಿಸುವುದು ನ್ಯಾಯವಲ್ಲ. ಅಲ್ಪವೇತನದಲ್ಲಿ ಅಡಿಗೆ, ತೂಕ, ಲೆಕ್ಕ, ಮನೆಮನೆಯ ಭೇಟಿಗಳ ನಡುವೆ ಪಾಠವನ್ನೂ ನಡೆಸುವವಳಿಗೆ ಒಡೆದ ಆಟಿಕೆಯ ಹೊಣೆಯನ್ನೂ ಹೊರಿಸುವ ದಾನವು ಅರ್ಧದಾನ. ಕೊಟ್ಟವನು ವಸ್ತುವನ್ನು ಕೊಟ್ಟನೇ ಹೊರತು ಅದರ ಮೇಲಿನ ತನ್ನ ಹಿಡಿತವನ್ನು ಬಿಡಲಿಲ್ಲ. ಸ್ವತ್ವನಿವೃತ್ತಿಯೇ ಆಗದಿದ್ದಲ್ಲಿ ಸ್ವೀಕಾರವು ಎಲ್ಲಿಂದ ಬಂದೀತು?

ಆದಕಾರಣ ದಾನಿಗಳೂ ಸಂಸ್ಥೆಗಳೂ ಗಮನಿಸತಕ್ಕ ಅಂಶಗಳು ಇವು. ದೊಡ್ಡದಾದ ಒಂದು ವಸ್ತುವಿಗೆ ಬದಲು ಎಲ್ಲ ಮಕ್ಕಳ ಕೈಗೂ ಏಕಕಾಲದಲ್ಲಿ ಬರುವಷ್ಟು ಸಣ್ಣ ವಸ್ತುಗಳನ್ನು ಕೊಡತಕ್ಕದ್ದು. ವಸ್ತುವಿನೊಡನೆ ಅದನ್ನು ಆಡಿಸುವ ಕ್ರಮವನ್ನು ಊರಿನ ಮಾತಿನಲ್ಲಿ ಕಾರ್ಯಕರ್ತೆಗೆ ತೋರಿಸಿಕೊಡತಕ್ಕದ್ದು. ಸವೆತವನ್ನು ಮೊದಲೇ ಎಣಿಸಿ, ಸಾಲೋಟಗಿಯ ದೀಪಭೂಮಿಯಂತೆ ವರ್ಷವರ್ಷವೂ ಹೊಸತನ್ನು ತುಂಬುವ ಏರ್ಪಾಡನ್ನು ಮಾಡತಕ್ಕದ್ದು. ಮಕ್ಕಳ ಕೈಗೆಟುಕುವ ಎತ್ತರದ ಹಲಗೆಯ ಮೇಲೆ, ಬೀಗವಿಲ್ಲದೆ, ವಸ್ತುಗಳನ್ನು ಇರಿಸತಕ್ಕದ್ದು. ಮುರಿದುದಕ್ಕೆ ಕಾರ್ಯಕರ್ತೆಯು ಹೊಣೆಯಲ್ಲವೆಂದು ಕೊಡುವಾಗಲೇ ಬರೆದುಕೊಡತಕ್ಕದ್ದು.

ಹೀಗೆ ವಿಚಾರಿಸಿದರೆ ಶಿಶುಶಾಲೆಯಲ್ಲಿ ದಾನಫಲವನ್ನು ಅಳೆಯುವ ಮಾನವು ದಾಸ್ತಾನು ಪುಸ್ತಕವಲ್ಲವೆಂದು ಸಿದ್ಧವಾಗುತ್ತದೆ. ಅಂಚು ಸವೆದ ತುಂಡು, ಬಣ್ಣ ಮಾಸಿದ ಚೆಂಡು, ಮೂಲೆ ಮಡಿಸಿದ ಚಿತ್ರಪುಸ್ತಕ, ಇವೇ ಕಾಯಿಕಸ್ವೀಕಾರಕ್ಕೆ ಪ್ರಮಾಣಗಳು. ಅವುಗಳ ಹೆಸರು ಮಗುವಿನ ಬಾಯಲ್ಲಿ ಬಂದರೆ ವಾಚಿಕವೂ ಆಯಿತು. ವಸ್ತುವು ಎದುರಿಗಿಲ್ಲದಾಗಲೂ ಅದರಿಂದ ಕಲಿತುದು ಮಗುವಿನಲ್ಲಿ ಉಳಿದರೆ ಮಾನಸವೂ ಆಯಿತು. ಆಗ ದಾನವು ಸಂಪೂರ್ಣವಾಯಿತೆಂದು ಹೇಳಬಹುದು.